ಮರಿಗಿಂತ ಮೊದಲು ತಾಯಿಯನ್ನು ನೋಡಿ: ಸಣ್ಣ ತಳಿಯ ನಾಯಿ ಬ್ರೀಡರ್ ನಂಬಿಕಸ್ಥರೇ ಎಂದು ತಿಳಿಯುವ ಬಗೆ

ಎಂಟು ವಾರದ ಶಿಹ್ ತ್ಸು ಮರಿ ಅಂಗೈಯಲ್ಲಿ ಬಂದು ಕೂತರೆ ಯಾರ ಮನಸ್ಸಾದರೂ ಕರಗುತ್ತದೆ. ಮಾರುವವರಿಗೂ ಅದು ಚೆನ್ನಾಗಿ ಗೊತ್ತು. ಅದಕ್ಕೇ ಬಾಗಿಲಲ್ಲೇ ಮರಿಯನ್ನು ತಂದು ಕೈಗಿಟ್ಟುಬಿಡುತ್ತಾರೆ. ಕೇಳಬೇಕೆಂದು ಬರೆದುಕೊಂಡು ಹೋದ ಪ್ರಶ್ನೆಗಳು ಅಲ್ಲಿಗೆ ಗಂಟಲಲ್ಲೇ ಉಳಿಯುತ್ತವೆ.

'ತಾಯಿಯಂತೆ ಮಗಳು, ನೂಲಿನಂತೆ ಸೀರೆ' ಎಂಬ ಮಾತು ನಾಯಿ ಕೊಳ್ಳುವವರಿಗೆ ಅಕ್ಷರಶಃ ಅನ್ವಯಿಸುತ್ತದೆ. ಮರಿಯ ಮಂಡಿಚಿಪ್ಪು, ಹೃದಯ, ಉಸಿರಾಟ, ಅಂಜುಬುರುಕುತನ, ಕೊನೆಗೆ ದೊಡ್ಡದಾದ ಮೇಲಿನ ತೂಕ, ಇವೆಲ್ಲದರ ಸುಳಿವು ಎಂಟು ವಾರದ ಮರಿಯಲ್ಲಿ ಸಿಗುವುದು ಕಡಿಮೆ, ಅದರ ತಾಯಿಯಲ್ಲಿ ಸಿಗುವುದು ಹೆಚ್ಚು. ಮರಿ ಮಾಡಿಸಿ ಮಾರುವ ಬ್ರೀಡರ್ ಎಂಥವರು ಎಂಬುದೂ ಅವರು ತಾಯಿಯನ್ನು ಇಟ್ಟುಕೊಂಡ ರೀತಿಯಲ್ಲೇ ತಿಳಿಯುತ್ತದೆ. ಹಾಗಾಗಿ ಮನೆಯಿಂದ ಹೊರಡುವಾಗಲೇ 'ಮರಿ ನೋಡಿ ಬರೋಣ' ಎನ್ನಬೇಡಿ, 'ತಾಯಿ ನೋಡಿ ಬರೋಣ' ಎನ್ನಿ.

ಮೊದಲು ಒಂದು ಸಣ್ಣ ಲೆಕ್ಕ

ಹೆಣ್ಣುನಾಯಿ ಸಾಮಾನ್ಯವಾಗಿ ಆರೇಳು ತಿಂಗಳಿಗೊಮ್ಮೆ ಹೀಟ್‌ಗೆ, ಅಂದರೆ ಬೆದೆಗೆ ಬರುತ್ತದೆ. ಗರ್ಭದ ಅವಧಿ ಸುಮಾರು 63 ದಿನ. ಚಿವಾವಾ ಒಂದರಿಂದ ಮೂರು ಮರಿ ಹಾಕುತ್ತದೆ, ಪಾಮೇರಿಯನ್ ಎರಡು ಮೂರು, ಶಿಹ್ ತ್ಸು ಮೂರು ನಾಲ್ಕು, ಪಗ್ ನಾಲ್ಕೈದು. ಕಾನೂನಿನ ಪ್ರಕಾರ ಒಂದು ತಾಯಿಯಿಂದ ವರ್ಷಕ್ಕೆ ಒಂದೇ ಸೂಲು. ಹುಟ್ಟಿದ ಮೇಲೆ ಮರಿ ಎಂಟು ವಾರ ತಾಯಿಯ ಜೊತೆ ಇರಬೇಕು. ಅಂದರೆ ಮನೆಯಲ್ಲಿ ಒಂದೆರಡು ತಾಯಿನಾಯಿ ಇಟ್ಟುಕೊಂಡವರ ಹತ್ತಿರ ಮಾರಾಟಕ್ಕೆ ಮರಿ ಇರುವುದು ವರ್ಷದಲ್ಲಿ ಕೆಲವೇ ವಾರ, ಅದೂ ಬೆರಳೆಣಿಕೆಯಷ್ಟು.

ಈಗ ಫೋನಿನಲ್ಲಿ ಯಾರೋ 'ಪಾಮ್, ಶಿಹ್ ತ್ಸು, ಪಗ್, ಮಾಲ್ಟೀಸ್ ಎಲ್ಲಾ ಇದೆ ಸಾರ್, ನಾಳೆನೇ ಬನ್ನಿ' ಎಂದರೆ ಈ ಲೆಕ್ಕದ ಪಕ್ಕದಲ್ಲಿಟ್ಟು ನೋಡಿ. ಒಂದೋ ಅವರ ಹತ್ತಿರ ಹತ್ತಾರು ತಾಯಂದಿರು ಬೋನಿನಲ್ಲಿರಬೇಕು, ಇಲ್ಲವೇ ಅವರು ಬ್ರೋಕರ್. ಬ್ರೋಕರ್ ನಾಲ್ಕೈದು ವಾರದ ಮರಿಗಳನ್ನು ಬೇರೆ ಬೇರೆ ಕಡೆಯಿಂದ ಎತ್ತಿ ಒಂದೇ ಕಡೆ ಸೇರಿಸುತ್ತಾರೆ. ವಾಂತಿ ಭೇದಿ ತಂದು ಮರಿಯನ್ನು ಕೊಲ್ಲಬಲ್ಲ ಪಾರ್ವೊ ವೈರಸ್ ಒಂದು ಮನೆಯಿಂದ ಬಂದು ಹತ್ತು ಮರಿಗಳಿಗೆ ಹಬ್ಬುವುದು ಹಾಗೆ. ತಾಯಿ ಎಲ್ಲಿದೆ ಎಂದು ಅವರಿಗೇ ಗೊತ್ತಿರುವುದಿಲ್ಲ. ಒಳ್ಳೆಯ ಬ್ರೀಡರ್ ಹತ್ತಿರ ಮೂರರಿಂದ ಆರು ತಿಂಗಳು ಕಾಯಬೇಕಾಗಿ ಬಂದರೆ ಆಶ್ಚರ್ಯಪಡಬೇಡಿ, ಬೇಸರವನ್ನೂ ಪಡಬೇಡಿ.

ತಳಿಯ ಸರಿಯಾದ ಅಳತೆ ತಿಳಿದಿರಲಿ

ಬೆಳೆದ ಚಿವಾವಾ ಒಂದೂವರೆಯಿಂದ ಮೂರು ಕೆ.ಜಿ., ಪಾಮೇರಿಯನ್ ಹೆಚ್ಚುಕಡಿಮೆ ಒಂದೂವರೆಯಿಂದ ಮೂರೂವರೆ ಕೆ.ಜಿ., ಶಿಹ್ ತ್ಸು ನಾಲ್ಕರಿಂದ ಏಳೂವರೆ ಕೆ.ಜಿ., ಪಗ್ ಆರರಿಂದ ಎಂಟು ಕೆ.ಜಿ. ತೂಗುತ್ತವೆ. ನಮ್ಮ ಊರುಗಳಲ್ಲಿ ತಲೆಮಾರುಗಳಿಂದ 'ಪಾಮೇರಿಯನ್' ಎಂದು ಕರೆಸಿಕೊಂಡ ಬಿಳಿ ನಾಯಿ ನಿಜಕ್ಕೂ ಇಂಡಿಯನ್ ಸ್ಪಿಟ್ಜ್. ಚೂಪು ಮೂತಿಯ, ಐದು ಕೆ.ಜಿ. ದಾಟುವ, ಗಟ್ಟಿ ಆರೋಗ್ಯದ, ಚುರುಕು ನಾಯಿ ಅದು. ಮನೆಗೆ ಅದಕ್ಕಿಂತ ಒಳ್ಳೆಯ ಸಣ್ಣ ನಾಯಿ ಸಿಗುವುದು ಕಷ್ಟ. ಆದರೆ ಅದರ ಮರಿಯನ್ನು 'ಟಾಯ್ ಪಾಮ್' ಎಂದು ಹಲವು ಪಟ್ಟು ಬೆಲೆಗೆ ಮಾರುವುದು ಮೋಸ. ಆರು ವಾರದಲ್ಲಿ ಎರಡೂ ಹತ್ತಿಯ ಉಂಡೆಯಂತೆಯೇ ಕಾಣುತ್ತವೆ. ತಾಯಿಯನ್ನು ನೋಡಿದವರು ಮಾತ್ರ ಈ ಮೋಸಕ್ಕೆ ಬೀಳುವುದಿಲ್ಲ.

'ಟೀಕಪ್', 'ಮೈಕ್ರೊ', 'ಪಾಕೆಟ್' ಎಂಬ ಹೆಸರಿನ ತಳಿ ನಾಯಿ ತಳಿಗಳನ್ನು ನೋಂದಾಯಿಸುವ ಯಾವ ಕೆನಲ್ ಕ್ಲಬ್‌ನ ಪಟ್ಟಿಯಲ್ಲೂ ಇಲ್ಲ. ಆ ಹೆಸರಿನಲ್ಲಿ ಬರುವ ಮರಿ ಒಂದೋ ಸೂಲಿನಲ್ಲಿ ಸೊರಗಿ ಹುಟ್ಟಿದ್ದು, ಇಲ್ಲವೇ ಹೇಳಿದ್ದಕ್ಕಿಂತ ಎರಡು ಮೂರು ವಾರ ಚಿಕ್ಕದು, ಅಥವಾ ಗಿಡ್ಡ ನಾಯಿಗಳನ್ನೇ ಮತ್ತೆ ಮತ್ತೆ ಜೋಡಿ ಮಾಡಿ ಪಡೆದದ್ದು. ಹೊಟ್ಟೆಗೆ ಕಡಿಮೆ ಹಾಕಿ ಸಣ್ಣಗಿಡುವವರೂ ಇದ್ದಾರೆ. ಬೆಳೆದ ಮೇಲೂ ಒಂದೂವರೆ ಕೆ.ಜಿ. ಮುಟ್ಟದ ನಾಯಿಯ ಮೂಳೆ ಸೋಫಾದಿಂದ ಹಾರಿದರೂ ಮುರಿಯಬಹುದು. ರಕ್ತದ ಸಕ್ಕರೆ ಕುಸಿಯುವುದು, ನೆತ್ತಿ ಕೂಡಿಕೊಳ್ಳದಿರುವುದು, ಅರಿವಳಿಕೆ ಕೊಡಲು ವೈದ್ಯರೇ ಹಿಂಜರಿಯುವುದು, ಇವೆಲ್ಲ ಅದರ ಬೆನ್ನಿಗೇ ಬರುತ್ತವೆ. ಬ್ರೀಡರ್ ಬಾಯಲ್ಲಿ 'ಟೀಕಪ್' ಎಂಬ ಮಾತು ಬಂದರೆ ಅಲ್ಲಿಗೇ ಮುಗಿಸಿ ಎನ್ನುವುದು ನಮ್ಮ ಸಲಹೆ. 'ಇಂಪೋರ್ಟೆಡ್ ಪಪ್ಪಿ' ಎಂಬ ಮಾತನ್ನೂ ಅನುಮಾನದಿಂದಲೇ ಕೇಳಿಸಿಕೊಳ್ಳಿ. ವ್ಯಾಪಾರಕ್ಕಾಗಿ ಮರಿ ಮಾಡಿಸಲು ವಿದೇಶದಿಂದ ನಾಯಿ ತರಿಸುವುದನ್ನು ಕೇಂದ್ರ ಸರ್ಕಾರ 2016ರಲ್ಲೇ ನಿರ್ಬಂಧಿಸಿತ್ತು.

ಕಾನೂನು ನಿಮ್ಮ ಕೈಯಲ್ಲಿರುವ ಅಳತೆಗೋಲು

2017ರ ಮೇ ತಿಂಗಳಲ್ಲಿ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ನಾಯಿ ತಳಿ ಸಂವರ್ಧನೆ ಮತ್ತು ಮಾರಾಟದ ನಿಯಮಗಳು ಜಾರಿಗೆ ಬಂದವು. ಇವುಗಳಲ್ಲಿ ಕೊಳ್ಳುವವರಿಗೆ ನೇರವಾಗಿ ಉಪಯೋಗಕ್ಕೆ ಬರುವ ಅಂಶಗಳು ಇಷ್ಟು:

- ಬ್ರೀಡರ್ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು. ನೋಂದಣಿ ಎರಡು ವರ್ಷಕ್ಕೆ ಮಾತ್ರ, ಆಮೇಲೆ ನವೀಕರಿಸಬೇಕು. ಪ್ರಮಾಣಪತ್ರ ಕಣ್ಣಿಗೆ ಕಾಣುವಂತೆ ತೂಗುಹಾಕಿರಬೇಕು.
- ತಾಯಿಗೆ ಕನಿಷ್ಠ 18 ತಿಂಗಳಾಗಿರಬೇಕು, ಎಂಟು ವರ್ಷ ದಾಟಿರಬಾರದು. ಒಂದಾದ ಮೇಲೊಂದರಂತೆ ಎರಡು ಹೀಟ್‌ಗಳಲ್ಲಿ ಕ್ರಾಸ್ ಮಾಡಿಸುವಂತಿಲ್ಲ, ಅಂದರೆ ಗಂಡುನಾಯಿಯ ಜೊತೆ ಕೂಡಿಸುವಂತಿಲ್ಲ. ಜೀವಮಾನದಲ್ಲಿ ಐದು ಸೂಲಿಗಿಂತ ಹೆಚ್ಚು ಕೂಡದು.
- ತಂದೆ ಮಗಳು, ತಾಯಿ ಮಗ, ಅಣ್ಣ ತಂಗಿ, ಅಜ್ಜ ಮೊಮ್ಮಗಳು ಇಂಥ ಹತ್ತಿರದ ರಕ್ತಸಂಬಂಧದಲ್ಲಿ ಜೋಡಿ ಮಾಡಿಸುವುದು ನಿಷಿದ್ಧ.
- ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಮಾರುವ ಮರಿಗೆ ಲಸಿಕೆಯಾಗಿರಬೇಕು, ಚರ್ಮದಡಿ ಇಡುವ ಗುರುತಿನ ಮೈಕ್ರೋಚಿಪ್ ಹಾಕಿರಬೇಕು.
- ಸಾರ್ವಜನಿಕ ಜಾಗದಲ್ಲಿ ಮರಿಗಳನ್ನು ಮಾರಾಟಕ್ಕಿಡುವಂತಿಲ್ಲ.

ರಸ್ತೆಬದಿಯಲ್ಲಿ ಕಾರಿನ ಡಿಕ್ಕಿ ತೆರೆದು, ಬುಟ್ಟಿಯಲ್ಲಿ ಮರಿಗಳನ್ನಿಟ್ಟು ಮಾರುವವರು ಎಷ್ಟು ನಿಯಮ ಮುರಿದಿದ್ದಾರೆ ಎಂದು ನೀವೇ ಎಣಿಸಿ. ನೋಂದಣಿ ಇದ್ದ ಮಾತ್ರಕ್ಕೆ ಎಲ್ಲರೂ ಒಳ್ಳೆಯವರಾಗುವುದಿಲ್ಲ ನಿಜ, ಆದರೆ 'ಅದೆಲ್ಲಾ ಯಾರೂ ಮಾಡಿಸಲ್ಲ ಬಿಡಿ' ಎನ್ನುವವರು ಕಣ್ಣಿಗೆ ಕಾಣದ ವಿಷಯಗಳಲ್ಲಿ ಮಾತ್ರ ಶಿಸ್ತಾಗಿದ್ದಾರೆ ಎಂದು ನಂಬುವುದು ಹೇಗೆ?

ಹೆಜ್ಜೆ 1: ಫೋನಿನಲ್ಲೇ ಅರ್ಧ ಜರಡಿ ಹಿಡಿಯಿರಿ

ಬೆಲೆಯನ್ನು ಕೊನೆಗೆ ಕೇಳಿ. ಮೊದಲು ಹೀಗೆ ಕೇಳಿ: ತಾಯಿಗೆ ಎಷ್ಟು ವಯಸ್ಸು? ಇದು ಎಷ್ಟನೇ ಸೂಲು? ಹಿಂದಿನ ಸೂಲು ಯಾವಾಗ? ಈ ಸಲ ಎಷ್ಟು ಮರಿ ಹುಟ್ಟಿದವು, ಎಷ್ಟು ಉಳಿದವು? ನಾರ್ಮಲ್ ಆಯಿತೋ, ಸಿಸೇರಿಯನ್ನೋ? ತಂದೆ ಯಾರ ಮನೆಯದು? ತಾಯಿಯ ಮಂಡಿಯನ್ನು ವೈದ್ಯರು ಪರೀಕ್ಷಿಸಿದ್ದಾರಾ?

ನಾಯಿಯ ಜೊತೆ ರಾತ್ರಿಯೆಲ್ಲ ಎಚ್ಚರವಿದ್ದು ಮರಿ ಹಾಕಿಸಿದವರಿಗೆ ಇವಕ್ಕೆ ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತದೆ. 'ನಾಲ್ಕು ಹುಟ್ಟಿದ್ವು, ಒಂದು ಎರಡನೇ ದಿನ ಹೋಯ್ತು, ತೂಕ ಏರಲೇ ಇಲ್ಲ' ಎಂದು ಬೇಸರದಿಂದ ಹೇಳುವವರ ಮೇಲೆ ನಂಬಿಕೆ ಇಡಬಹುದು. ಸಣ್ಣ ತಳಿಯಲ್ಲಿ ಮರಿ ಸಾಯುವುದು ಅಪರೂಪವಲ್ಲ, ಮುಚ್ಚಿಡುವುದು ತಪ್ಪು. 'ತಾಯಿ ಊರಲ್ಲಿದೆ ಸಾರ್', 'ಫ್ರೆಂಡ್ ಮನೇಲಿದೆ', 'ನೀವು ಬರೋದೇ ಬೇಡ, ಮರೀನ ಮೆಟ್ರೋ ಸ್ಟೇಷನ್ ಹತ್ರ ತಂದ್ಕೊಡ್ತೀವಿ', 'ಇವತ್ತೇ ಟೋಕನ್ ಹಾಕಿದ್ರೆ ಸರಿ, ಇಲ್ಲಾಂದ್ರೆ ಬೇರೆಯವರಿಗೆ ಹೋಗತ್ತೆ' ಎನ್ನುವ ನಾಲ್ಕು ಮಾತುಗಳಲ್ಲಿ ಯಾವುದು ಬಂದರೂ ಫೋನ್ ಇಟ್ಟುಬಿಡಿ.

ಅವರು ನಿಮ್ಮನ್ನು ಏನು ಕೇಳುತ್ತಾರೆ ಎಂಬುದೂ ಅಷ್ಟೇ ಮುಖ್ಯ. ಹಗಲು ಮನೆಯಲ್ಲಿ ಯಾರಿರುತ್ತಾರೆ, ಚಿಕ್ಕ ಮಕ್ಕಳಿದ್ದಾರಾ, ಬಾಡಿಗೆ ಮನೆಯಾದರೆ ಮಾಲೀಕರು ಒಪ್ಪಿದ್ದಾರಾ, ಬಾಲ್ಕನಿಗೆ ಸರಳಿನ ಸಂದು ಎಷ್ಟಿದೆ ಎಂದೆಲ್ಲ ಕೆದಕಿದರೆ ಸಿಟ್ಟಾಗಬೇಡಿ. ಮರಿ ಎಲ್ಲಿಗೆ ಹೋಗುತ್ತದೆ ಎಂಬ ಚಿಂತೆ ಇರುವವರು ಮಾತ್ರ ಹಾಗೆ ಕೇಳುತ್ತಾರೆ.

ಇನ್ನೊಂದು ವಿಷಯದಲ್ಲಿ ತಪ್ಪು ತಿಳಿಯಬೇಡಿ. ಮರಿಗಳಿಗೆ ಮೊದಲ ಲಸಿಕೆ ಆಗುವ ತನಕ ಹೊರಗಿನವರನ್ನು ಮನೆಗೆ ಬಿಡದವರಿದ್ದಾರೆ. ಅದು ಎಚ್ಚರಿಕೆಯ ಲಕ್ಷಣ. ಅಂಥವರು ವಿಡಿಯೊ ಕಾಲ್‌ನಲ್ಲಿ ತಾಯಿ ಮರಿಗಳನ್ನು ಒಟ್ಟಿಗೆ ತೋರಿಸುತ್ತಾರೆ, ಲಸಿಕೆಯ ನಂತರದ ದಿನಾಂಕ ಕೊಡುತ್ತಾರೆ.

ಹೆಜ್ಜೆ 2: ಮನೆಗೆ ಹೋಗಿ, ತಾಯಿಯ ಮುಂದೆ ಕೂರಿ

ಒಂದೇ ದಿನ ಎರಡು ಮೂರು ಬ್ರೀಡರ್ ಮನೆಗಳಿಗೆ ಹೋಗಬೇಡಿ. ಚಪ್ಪಲಿ, ಬಟ್ಟೆ, ಕೈಯಲ್ಲಿ ನೀವೇ ಸೋಂಕು ಹೊತ್ತೊಯ್ಯಬಹುದು. ಚಪ್ಪಲಿ ಹೊರಗೆ ಬಿಡಿಸಿ, ಕೈ ತೊಳೆಸಿ ಒಳಗೆ ಕರೆಯುವ ಮನೆ ಒಳ್ಳೆಯ ಮನೆ.

ಮರಿಗಳು ಎಲ್ಲಿ ಬೆಳೆಯುತ್ತಿವೆ ನೋಡಿ. ಅಡುಗೆಮನೆಯ ಪಕ್ಕ, ಕುಕ್ಕರ್ ಸೀಟಿ, ಮಿಕ್ಸಿ ಸದ್ದು, ಮಕ್ಕಳ ಗಲಾಟೆಯ ನಡುವೆ ಬೆಳೆದ ಮರಿ ನಿಮ್ಮ ಮನೆಗೆ ಬಂದಾಗ ಗಾಬರಿಯಾಗುವುದಿಲ್ಲ. ಮೂರನೇ ವಾರದಿಂದ ಸುಮಾರು ಹದಿಮೂರು ಹದಿನಾಲ್ಕನೇ ವಾರದ ತನಕ ಮರಿ ಲೋಕವನ್ನು ಒಪ್ಪಿಕೊಳ್ಳುವ ಕಾಲ. ಆ ಕಾಲವನ್ನು ತಾರಸಿಯ ತಗಡಿನ ಶೆಡ್ಡಿನಲ್ಲಿ ಕಳೆದ ಮರಿ ಮುಂದೆ ಪ್ರತಿ ಶಬ್ದಕ್ಕೂ ಬೊಗಳುವ, ಹೆದರಿ ಕಚ್ಚುವ ನಾಯಿಯಾಗುವ ಸಾಧ್ಯತೆ ಹೆಚ್ಚು. ಮೂಗಿಗೆ ಫಿನೈಲ್ ಘಾಟು ಅತಿಯಾಗಿ ಹೊಡೆದರೆ ನೀವು ಬರುವ ಹತ್ತು ನಿಮಿಷ ಮೊದಲು ತೊಳೆದಿದ್ದಾರೆ ಎಂದರ್ಥ. ಮೂಲೆ, ಬೋನಿನ ತಳ, ನೀರಿನ ಬಟ್ಟಲಿನ ಒಳಮೈ ನೋಡಿ. ಬಟ್ಟಲಿಗೆ ಬೆರಳು ಹಾಕಿದರೆ ಲೋಳೆ ಹತ್ತಬಾರದು.

ಈಗ ತಾಯಿ. ಅದನ್ನು ಹೊರಗೆ ಕರೆಸಿ, ನೆಲದ ಮೇಲೆ ಕೂತು ಹತ್ತು ನಿಮಿಷ ಸುಮ್ಮನೆ ನೋಡಿ.

ಮೊದಲು ಅದು ನಿಜವಾಗಿಯೂ ಈ ಮರಿಗಳ ತಾಯಿಯೇ ಎಂದು ಖಚಿತಪಡಿಸಿಕೊಳ್ಳಬೇಕು. ತೋರಿಸಲಿಕ್ಕೆಂದೇ ಚೆಂದದ ಒಂದು ನಾಯಿಯನ್ನು ಇಟ್ಟುಕೊಂಡವರಿದ್ದಾರೆ. ಆರೆಂಟು ವಾರ ಹಾಲು ಕುಡಿಸಿದ ತಾಯಿಯ ಮೊಲೆತೊಟ್ಟುಗಳು ಉದ್ದವಾಗಿ, ಜೋತುಬಿದ್ದು, ಸುತ್ತ ಕೂದಲು ಸವೆದಿರುತ್ತವೆ. ಹಾಲು ಬತ್ತಿದ ಮೇಲೂ ಆ ಗುರುತು ಕೂಡಲೇ ಹೋಗದು. ಮರಿಗಳ ಉಗುರು ಗೀಚಿದ ಸಣ್ಣ ಗೆರೆಗಳೂ ಕಾಣಬಹುದು. ಹೊಟ್ಟೆ ಬಿಗಿಯಾಗಿ, ತೊಟ್ಟು ಚಪ್ಪಟೆಯಾಗಿದ್ದರೆ ಅದು ಇನ್ಯಾವುದೋ ನಾಯಿ. ಮರಿಗಳನ್ನು ಹತ್ತಿರ ಬಿಟ್ಟಾಗ ಅವು ನೇರ ಹೊಟ್ಟೆಯ ಕೆಳಗೆ ನುಗ್ಗುತ್ತವೆಯೇ, ತಾಯಿ ಮೂಸಿ ಸಹಿಸಿಕೊಳ್ಳುತ್ತದೆಯೇ ನೋಡಿ. ಹಾಲು ಬಿಡಿಸುವ ಹೊತ್ತಿನಲ್ಲಿ ಗುರ್ರೆಂದು ದೂರ ತಳ್ಳುವುದು ಸಹಜ, ಪರಿಚಯವೇ ಇಲ್ಲದಂತೆ ಬೆದರುವುದು ಸಹಜವಲ್ಲ.

ಹೆತ್ತ ಕೆಲವು ವಾರಗಳಲ್ಲಿ ತಾಯಿಯ ಕೂದಲು ಉದುರಿ ಬಡಕಲಾಗಿ ಕಾಣುವುದು ಸಾಮಾನ್ಯ, ಅದಕ್ಕೆ ಅಂಕ ಕಡಿಯಬೇಡಿ. ಅಂಕ ಕಡಿಯಬೇಕಾದ್ದು ಬೇರೆ ಕಡೆ ಇದೆ. ಉಗುರು ಕೊಕ್ಕೆಯಂತೆ ಬಾಗಿದ್ದರೆ ಅದು ನೆಲದ ಮೇಲೆ ನಡೆದದ್ದೇ ಕಡಿಮೆ. ಪಾದದ ಕೂದಲು ಹಳದಿ ಕಂದಾಗಿ ಅಂಟಿಕೊಂಡಿದ್ದರೆ ಉಚ್ಚೆಯಲ್ಲೇ ನಿಂತು ದಿನ ಕಳೆದಿದೆ. ಕಿವಿಯ ಹಿಂದೆ, ಕಂಕುಳಲ್ಲಿ ಕೂದಲು ಕಂಬಳಿಯಂತೆ ಗಂಟುಗಟ್ಟಿದ್ದರೆ ಬಾಚಣಿಗೆ ಕಂಡು ತಿಂಗಳುಗಳಾಗಿವೆ. ತುಟಿ ಎತ್ತಿ ಹಲ್ಲು ನೋಡಿ. ಮೂರು ವರ್ಷ ಎಂದು ಹೇಳಿದ ನಾಯಿಯ ಹಲ್ಲು ಕಂದು ಪಾಚಿಯಲ್ಲಿ ಮುಚ್ಚಿ ಅರ್ಧ ಉದುರಿದ್ದರೆ ವಯಸ್ಸನ್ನು ಮತ್ತೊಮ್ಮೆ ಕೇಳಿ. ಹೊಟ್ಟೆಯ ನಡುಗೆರೆಯಲ್ಲಿ ಹೊಲಿಗೆಯ ಗುರುತಿದ್ದರೆ ಎಷ್ಟು ಸಿಸೇರಿಯನ್ ಆಗಿವೆ ಎಂದು ಕೇಳಿ. ಪಗ್‌ನಂಥ ದೊಡ್ಡ ತಲೆಯ ತಳಿಗಳಲ್ಲಿ ಒಮ್ಮೆ ಆಗುವುದುಂಟು. ಮೂರನೆಯದಾದ ಮೇಲೂ ಕ್ರಾಸ್ ಮಾಡಿಸಿದ್ದರೆ ಆ ಮನೆಯಿಂದ ಹೊರಡಿ.

ತಂದೆ ಅದೇ ಮನೆಯಲ್ಲಿ ಇಲ್ಲದಿರುವುದು ತಪ್ಪಲ್ಲ. ಯೋಚಿಸಿ ಜೋಡಿ ಮಾಡುವವರು ಹೊರಗಿನ ಗಂಡನ್ನೇ ಹುಡುಕುತ್ತಾರೆ. ಅದರ ಫೋಟೊ, ನೋಂದಣಿ ಸಂಖ್ಯೆ, ಮಾಲೀಕರ ಪರಿಚಯ ಕೊಟ್ಟರೆ ಸಾಕು.

ಹೆಜ್ಜೆ 3: ಮರಿಯನ್ನು ಕೈಗೆತ್ತಿಕೊಳ್ಳುವುದು

ಬಾಯಿ ತೆರೆದು ಹಲ್ಲು ಎಣಿಸಿ. ಎಂಟು ವಾರದ ಹೊತ್ತಿಗೆ ನಾಯಿಮರಿಗೆ 28 ಹಾಲುಹಲ್ಲು ಬಂದಿರಬೇಕು. ತೀರಾ ಸಣ್ಣ ತಳಿಗಳಲ್ಲಿ ಒಂದೆರಡು ವಾರ ತಡವಾಗುತ್ತದೆ. ಆದರೆ ಮುಂದಿನ ಹಲ್ಲು ಈಗಷ್ಟೇ ಸೂಜಿಮೊನೆಯಂತೆ ಇಣುಕುತ್ತಿದ್ದು ಹಿಂದಿನ ದವಡೆ ಬೋಳಾಗಿದ್ದರೆ ಆ ಮರಿಗೆ ನಾಲ್ಕೈದು ವಾರವಷ್ಟೇ. ಇಷ್ಟು ಬೇಗ ತಾಯಿಯಿಂದ ಬಿಡಿಸಿದ ಮರಿ ಅಣ್ಣತಮ್ಮಂದಿರ ಜೊತೆ ಕಚ್ಚಾಡಿ 'ಎಷ್ಟು ಗಟ್ಟಿ ಕಚ್ಚಿದರೆ ನೋವಾಗುತ್ತದೆ' ಎಂಬ ಪಾಠವನ್ನೇ ಕಲಿತಿರುವುದಿಲ್ಲ.

ಅಡುಗೆಮನೆಯ ಡಿಜಿಟಲ್ ತಕ್ಕಡಿ ಇದ್ದರೆ ತೂಗಿ. ಎಂಟು ವಾರದಲ್ಲಿ ಪಾಮೇರಿಯನ್ ಸುಮಾರು 600ರಿಂದ 900 ಗ್ರಾಂ, ಶಿಹ್ ತ್ಸು ಒಂದರಿಂದ ಒಂದೂವರೆ ಕೆ.ಜಿ. ಆಸುಪಾಸು ಇರುತ್ತವೆ. ಹುಟ್ಟಿದ ದಿನದಿಂದ ತೂಕ ಬರೆದಿಟ್ಟ ಪುಸ್ತಕ ತೋರಿಸುವ ಬ್ರೀಡರ್ ಸಿಕ್ಕರೆ ನಿಮ್ಮ ಹುಡುಕಾಟ ಬಹುಪಾಲು ಮುಗಿದಂತೆ. ಹುಟ್ಟಿದಾಗಿನ ತೂಕ ಎಂಟು ಹತ್ತು ದಿನದಲ್ಲಿ ಇಮ್ಮಡಿಯಾಗಬೇಕು, ಅದು ಆ ಪುಸ್ತಕದಲ್ಲಿ ಕಾಣಬೇಕು.

ಇನ್ನು ತಲೆಯಿಂದ ಬಾಲದ ತನಕ. ನೆತ್ತಿಯ ಮೇಲೆ ಬೆರಳಾಡಿಸಿ. ಚಿವಾವಾ, ಪಾಮೇರಿಯನ್ ಮರಿಗಳಲ್ಲಿ ಕಡಲೆಕಾಳಿನಷ್ಟು ಮೆತ್ತಗಿನ ಜಾಗ ಇರಬಹುದು, ಬೆಳೆಯುತ್ತ ಹೆಚ್ಚಿನವಕ್ಕೆ ಕೂಡಿಕೊಳ್ಳುತ್ತದೆ. ಜಾಗ ದೊಡ್ಡದಿದ್ದು, ತಲೆ ಗುಮ್ಮಟದಂತೆ ಉಬ್ಬಿ, ಕಣ್ಣುಗಳು ಎರಡು ದಿಕ್ಕಿಗೆ ನೋಡುತ್ತಿದ್ದರೆ ಮಿದುಳಿನಲ್ಲಿ ನೀರು ತುಂಬಿರುವ ಅನುಮಾನವಿದೆ. ಪಗ್, ಶಿಹ್ ತ್ಸು ಮರಿಗಳ ಮೂಗಿನ ಹೊಳ್ಳೆ ತೆರೆದಿರಬೇಕು. ಹೊಳ್ಳೆ ಬರೀ ಗೀಟಿನಂತಿದ್ದು ಮಲಗಿದಾಗಲೂ ಗೊರಗೊರ ಎನ್ನುತ್ತಿದ್ದರೆ ಮುಂದೆ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ. ಒಸಡು ಗುಲಾಬಿ ಬಣ್ಣದ್ದಾಗಿರಲಿ. ಬೆರಳಿನಿಂದ ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಬಣ್ಣ ಮರಳಬೇಕು. ಹೊಕ್ಕುಳ ಬಳಿ ಗುಳ್ಳೆಯಂತಿದ್ದರೆ ಹರ್ನಿಯಾ. ಉಳಿದ ಮೈ ಬಡಕಲಾಗಿ ಹೊಟ್ಟೆ ಮಾತ್ರ ಡೋಲಿನಂತಿದ್ದರೆ ಜಂತುಹುಳು. ಗಂಡು ಮರಿಯಾದರೆ ಎರಡೂ ಬೀಜ ಇಳಿದಿವೆಯೇ ಎಂದು ಮುಟ್ಟಿ ನೋಡಿ. ಬಾಲ ಎತ್ತಿ ನೋಡಿದರೆ ಭೇದಿಯ ಕಲೆ ಇರಬಾರದು.

ಮುಂಗಾಲನ್ನು ಮರೆಯಬೇಡಿ. ಮೊಣಕೈಯ ಕೆಳಗೆ ಕೂದಲನ್ನು ಸಣ್ಣ ಚೌಕವಾಗಿ ಬೋಳಿಸಿದ ಗುರುತು, ಸೂಜಿ ಚುಚ್ಚಿದ ಕಪ್ಪು ಚುಕ್ಕೆ ಇದ್ದರೆ ಆ ಮರಿಗೆ ಈಚೆಗೆ ಡ್ರಿಪ್ ಹಾಕಲಾಗಿದೆ. ಯಾಕೆ ಎಂದು ಕೇಳಿ. ವೈದ್ಯರ ಚೀಟಿ ತೋರಿಸಿ ಕಾರಣ ಹೇಳಿದರೆ ಅದು ಬೇರೆ ಮಾತು. 'ಏನೂ ಇಲ್ಲ, ಹಾಗೇ ಶಕ್ತಿಗೆ' ಎಂದರೆ ಎರಡು ದಿನ ಗೆಲುವಾಗಿ ಕಾಣುವಂತೆ ಮಾಡಿದ್ದಾರೆ ಅಷ್ಟೆ.

ಹೆಜ್ಜೆ 4: ಕಾಗದ ಪತ್ರಗಳು

ಲಸಿಕೆ ಪುಸ್ತಕದಲ್ಲಿ ಪ್ರತಿ ಡೋಸಿನ ಎದುರು ಸೀಸೆಯಿಂದ ಕಿತ್ತಂಟಿಸಿದ ಸ್ಟಿಕ್ಕರ್, ಬ್ಯಾಚ್ ಸಂಖ್ಯೆ, ದಿನಾಂಕ, ವೈದ್ಯರ ಸಹಿ, ರಾಜ್ಯ ಪಶುವೈದ್ಯ ಪರಿಷತ್ತಿನ ನೋಂದಣಿ ಸಂಖ್ಯೆಯಿರುವ ಸೀಲು ಇರಬೇಕು. ಆ ವೈದ್ಯರಿಗೆ ಫೋನ್ ಮಾಡಿ ವಿಚಾರಿಸಿ. ಹೆಚ್ಚಿನ ಮೋಸಗಳು ಈ ಒಂದು ಫೋನಿಗೇ ಬಯಲಾಗುತ್ತವೆ.

ದಿನಾಂಕಗಳನ್ನು ಕೂಡಿ ಕಳೆಯಿರಿ. ಪಾರ್ವೊ, ಡಿಸ್ಟೆಂಪರ್ ರೋಗಗಳನ್ನು ತಡೆಯುವ ಮೊದಲ ಲಸಿಕೆ ಆರರಿಂದ ಎಂಟು ವಾರಕ್ಕೆ, ಆಮೇಲೆ ಮೂರು ನಾಲ್ಕು ವಾರಕ್ಕೊಂದರಂತೆ 16 ವಾರ ತುಂಬುವ ತನಕ. ರೇಬೀಸ್ ಲಸಿಕೆ ಮೂರು ತಿಂಗಳಿಗೆ. ಹಾಗಾಗಿ ಎಂಟು ವಾರದ ಮರಿಗೆ 'ಎಲ್ಲಾ ಇಂಜೆಕ್ಷನ್ ಆಗಿದೆ' ಎಂಬುದು ಸಾಧ್ಯವಿಲ್ಲದ ಮಾತು. ತಾಯಿಹಾಲಿನಿಂದ ಬಂದ ರಕ್ಷಣೆ ಇರುವ ತನಕ ಲಸಿಕೆ ಪೂರ್ತಿ ಹಿಡಿಯುವುದಿಲ್ಲ, ಅದಕ್ಕೇ ಡೋಸುಗಳನ್ನು ಮತ್ತೆ ಮತ್ತೆ ಕೊಡುವುದು. ಜಂತುಹುಳುವಿನ ಔಷಧಿ ಎರಡನೇ ವಾರದಿಂದ ಎರಡು ವಾರಕ್ಕೊಮ್ಮೆ ಕೊಟ್ಟ ದಾಖಲೆ ಇರಬೇಕು.

ಚೆನ್ನೈನಲ್ಲಿ ಕೇಂದ್ರ ಕಚೇರಿಯಿರುವ ಕೆನಲ್ ಕ್ಲಬ್ ಆಫ್ ಇಂಡಿಯಾದ ಪತ್ರಕ್ಕೆ ಜನ 'ಕೆಸಿಐ ಪೇಪರ್' ಎನ್ನುತ್ತಾರೆ. ಅದು ವಂಶವನ್ನು ಹೇಳುತ್ತದೆ, ಆರೋಗ್ಯವನ್ನು ಹೇಳುವುದಿಲ್ಲ. ಆದರೂ ಬಹಳ ಉಪಯೋಗವಿದೆ: ತಂದೆಯ ಕಡೆಯ ಅಜ್ಜ ಅಜ್ಜಿ, ತಾಯಿಯ ಕಡೆಯ ಅಜ್ಜ ಅಜ್ಜಿಯ ಹೆಸರುಗಳನ್ನು ಪಕ್ಕಪಕ್ಕ ಇಟ್ಟು ಓದಿ. ಒಂದೇ ಹೆಸರು ಎರಡೂ ಕಡೆ ಬಂದರೆ ಹತ್ತಿರದ ಸಂಬಂಧದಲ್ಲೇ ಜೋಡಿ ಮಾಡಿದ್ದಾರೆ. 'ಪೇಪರ್ ಬೇಕಂದ್ರೆ ಇಷ್ಟು, ಬೇಡಾಂದ್ರೆ ಇಷ್ಟು' ಎಂದು ಎರಡು ಬೆಲೆ ಹೇಳುವವರ ಪೇಪರ್‌ಗೂ ಬೆಲೆಯಿಲ್ಲ. ಮೈಕ್ರೋಚಿಪ್ ಸಂಖ್ಯೆ 15 ಅಂಕಿಯದು. ಪತ್ರದಲ್ಲಿರುವ ಸಂಖ್ಯೆಯೂ ಸ್ಕ್ಯಾನರ್ ತೋರಿಸುವ ಸಂಖ್ಯೆಯೂ ಒಂದೇ ಇರಬೇಕು. ನಿಮ್ಮ ವೈದ್ಯರ ಹತ್ತಿರ ಸ್ಕ್ಯಾನರ್ ಇದೆಯೇ ಎಂದು ಮೊದಲೇ ಕೇಳಿಟ್ಟುಕೊಳ್ಳಿ.

ಹೆಜ್ಜೆ 5: ತಂದೆತಾಯಿಯ ಪರೀಕ್ಷೆಗಳು

ಎಲ್ಲ ಸಣ್ಣ ತಳಿಗಳಿಗೂ ಕಡ್ಡಾಯವಾಗಿ ಕೇಳಬೇಕಾದದ್ದು ಮಂಡಿಚಿಪ್ಪಿನ ಪರೀಕ್ಷೆ. ಚಿಪ್ಪು ತನ್ನ ತೋಡಿನಿಂದ ಜಾರುವ ತೊಂದರೆ ಪಾಮೇರಿಯನ್, ಚಿವಾವಾಗಳಲ್ಲಿ ತುಂಬಾ ಸಾಮಾನ್ಯ. ನಾಯಿ ಓಡುತ್ತ ಓಡುತ್ತ ಹಿಂಗಾಲೊಂದನ್ನು ಎತ್ತಿ ನಾಲ್ಕು ಹೆಜ್ಜೆ ಕುಂಟಿ ಮತ್ತೆ ಸರಿಯಾಗುವುದು ಇದರ ಗುರುತು. ಇದಕ್ಕೆ ಯಂತ್ರ ಬೇಡ, ಅನುಭವಿ ವೈದ್ಯರು ಕೈಯಲ್ಲೇ ಒತ್ತಿ ಒಂದರಿಂದ ನಾಲ್ಕರ ತನಕ ದರ್ಜೆ ಹೇಳುತ್ತಾರೆ. ಇಷ್ಟು ಸುಲಭದ ಪರೀಕ್ಷೆಯನ್ನೂ ಮಾಡಿಸದೆ ಕ್ರಾಸ್ ಮಾಡಿಸಿದ್ದಕ್ಕೆ ಯಾವ ನೆಪವೂ ಸಲ್ಲದು. ವೈದ್ಯರು ಹೃದಯದ ಬಡಿತ ಕೇಳಿ ಪರೀಕ್ಷಿಸಿದ ಚೀಟಿಯೂ ಇರಲಿ, ಕವಾಟದ ಕಾಯಿಲೆ ಸಣ್ಣ ನಾಯಿಗಳ ಮುದಿವಯಸ್ಸಿನ ದೊಡ್ಡ ಶತ್ರು.

ಪಗ್ ಆದರೆ ತಾಯಿಯನ್ನು ಮೂರು ನಿಮಿಷ ಚುರುಕಾಗಿ ನಡೆಸಿ ತೋರಿಸಲು ಹೇಳಿ. ಅಷ್ಟಕ್ಕೇ ಏದುಸಿರು ಬಿಟ್ಟು ಗೊರಕೆಯಂಥ ಸದ್ದು ಮಾಡಿದರೆ ಮರಿಯೂ ಅದೇ ದಾರಿ ಹಿಡಿಯುವ ಸಂಭವ ಹೆಚ್ಚು. ಬೆಂಗಳೂರಿನ ಹವೆಯಲ್ಲಿ ಹೇಗೋ ನಡೆದೀತು, ರಾಯಚೂರು ಕಲಬುರಗಿಯ ಬೇಸಿಗೆಗೆ, ಮಂಗಳೂರಿನ ಸೆಖೆಗೆ ಅಂಥ ನಾಯಿ ತಡೆಯುವುದಿಲ್ಲ. ಶಿಹ್ ತ್ಸು ಆದರೆ ಕಣ್ಣಿನ ಪರೀಕ್ಷೆ ಕೇಳಿ. ಡ್ಯಾಶ್‌ಹೌಂಡ್ ಆದರೆ ತಾಯಿ, ಅಜ್ಜಿಯರಲ್ಲಿ ಯಾರಿಗಾದರೂ ಬೆನ್ನುಮೂಳೆಯ ಡಿಸ್ಕ್ ಜಾರಿ ಹಿಂಗಾಲು ಸೋತಿತ್ತೇ ಎಂದು ಕೇಳಿ. ಬೂದು ಮಚ್ಚೆಯ 'ಮರ್ಲ್' ಬಣ್ಣದ ಮರಿಯನ್ನು ಅಪರೂಪದ್ದೆಂದು ಹೆಚ್ಚು ಬೆಲೆಗೆ ಮಾರುತ್ತಿದ್ದರೆ ಎರಡೂ ಹೆತ್ತವರ ಬಣ್ಣ ನೋಡಿ. ಎರಡೂ ಮರ್ಲ್ ಆದರೆ ಸರಾಸರಿ ನಾಲ್ಕರಲ್ಲಿ ಒಂದು ಮರಿಗೆ ಆ ಗುಣ ಎರಡು ಪಾಲು ಬರುತ್ತದೆ, ಅಂಥ ಮರಿಗಳು ಕಿವುಡಾಗುವುದು, ಕುರುಡಾಗುವುದು ಉಂಟು.

ಹೆಜ್ಜೆ 6: ದುಡ್ಡು ಮತ್ತು ಬರಹ

ತಾಯಿಯನ್ನು ಕಣ್ಣಾರೆ ನೋಡುವ ತನಕ ಒಂದು ರೂಪಾಯಿಯನ್ನೂ ಕಳಿಸಬೇಡಿ. ಕದ್ದ ಫೋಟೊ ಹಾಕಿ, ಟೋಕನ್ ತೆಗೆದುಕೊಂಡು, ಆಮೇಲೆ ಸಾಗಾಟದ ಪೆಟ್ಟಿಗೆಗೆ, ವಿಮೆಗೆ, ಲಸಿಕೆಗೆ ಎಂದು ಕಂತು ಕಂತಾಗಿ ಕೀಳುವ ಜಾಲಗಳಿವೆ. ಅದಕ್ಕೆ ಸಿಕ್ಕಿಬಿದ್ದರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಒಂದು ಹಾಳೆಯ ಕರಾರು ಸಾಕು. ಮರಿಯ ಹುಟ್ಟಿದ ದಿನ, ಚಿಪ್ ಸಂಖ್ಯೆ, ಹೆತ್ತವರ ವಿವರ, ಕೊಟ್ಟ ಹಣ ಬರೆಸಿ. 72 ಗಂಟೆಯೊಳಗೆ ನಿಮ್ಮ ವೈದ್ಯರು ಹುಟ್ಟಿನಿಂದ ಬಂದ ದೋಷ ಅಥವಾ ಸೋಂಕು ಕಂಡುಹಿಡಿದರೆ ಮರಿ ವಾಪಸ್, ಹಣ ವಾಪಸ್ ಎಂದಿರಲಿ. ಎಷ್ಟು ವರ್ಷವಾದ ಮೇಲೂ ನಿಮಗೆ ಸಾಕಲಾಗದೆ ಹೋದರೆ ನಾಯಿಯನ್ನು ತಮಗೇ ಹಿಂದಿರುಗಿಸಬೇಕು ಎಂಬ ಷರತ್ತನ್ನು ಬ್ರೀಡರ್ ತಾವಾಗಿ ಸೇರಿಸಿದರೆ ಅದಕ್ಕಿಂತ ದೊಡ್ಡ ಯೋಗ್ಯತಾಪತ್ರ ಇಲ್ಲ. ರಸೀದಿ ಕೊಡದವರ ಮೇಲೆ ಗ್ರಾಹಕರ ಆಯೋಗಕ್ಕೆ ಹೋಗುವಾಗ ಕೈಯಲ್ಲಿ ಆಧಾರವೇ ಇರುವುದಿಲ್ಲ.

ಇಲ್ಲಿ ಒಂದು ಕಷ್ಟದ ಮಾತು ಹೇಳಲೇಬೇಕು. ಕೊಳಕು ಬೋನಿನಲ್ಲಿ ಮುದುಡಿ ಕೂತ ಮರಿಯನ್ನು ಕಂಡು 'ಪಾಪ, ಇದನ್ನಾದರೂ ಉಳಿಸೋಣ' ಎಂದು ದುಡ್ಡು ಕೊಟ್ಟು ತಂದವರು ಬಹಳ ಜನ. ಆ ಕರುಣೆ ನಿಜವಾದದ್ದು. ಆದರೆ ಆ ದುಡ್ಡು ಹೋಗುವುದು ಹಿಂದಿನ ಕೋಣೆಯಲ್ಲಿರುವ ತಾಯಿಯನ್ನು ಮುಂದಿನ ಹೀಟ್‌ಗೇ ಮತ್ತೆ ಕ್ರಾಸ್ ಮಾಡಿಸಲಿಕ್ಕೆ. ಅಲ್ಲಿಂದ ಬರಿಗೈಯಲ್ಲಿ ಹೊರಟು ಜಾಗದ ವಿಳಾಸ, ಸಾಧ್ಯವಾದರೆ ಫೋಟೊ ಸಹಿತ, ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಗೆ, ಜಿಲ್ಲೆಯ ಪಶುಪಾಲನಾ ಇಲಾಖೆಗೆ, ಠಾಣೆಗೆ ಬರೆದು ದೂರು ಕೊಡಿ. ಮರಿಗೂ ತಾಯಿಗೂ ಒಟ್ಟಿಗೆ ಬಿಡುಗಡೆ ಸಿಗುವ ದಾರಿ ಅದೊಂದೇ.

ಹೆಜ್ಜೆ 7: ಮನೆಗೆ ತಂದ ಮೊದಲ ಎರಡು ವಾರ

ಬ್ರೀಡರ್ ಹಾಕುತ್ತಿದ್ದ ಆಹಾರವನ್ನೇ ಒಂದು ವಾರಕ್ಕಾಗುವಷ್ಟು ಕೇಳಿ ತನ್ನಿ, ನಿಧಾನಕ್ಕೆ ಬದಲಿಸಿ. ಬರೀ ಸೆರೆಲ್ಯಾಕ್ ಹಾಕಿ ಬೆಳೆಸಿದ್ದೇವೆ ಎಂದರೆ ಮರಿಗೆ ಬೇಕಾದಷ್ಟು ಪ್ರೋಟೀನ್ ಸಿಕ್ಕಿಲ್ಲ ಎಂದು ತಿಳಿದು ವೈದ್ಯರನ್ನು ಕೇಳಿ.

ಒಂದು ಕೆ.ಜಿ. ಮುಟ್ಟದ ಮರಿ ಎಚ್ಚರವಿರುವ ಹೊತ್ತಿನಲ್ಲಿ ನಾಲ್ಕು ಗಂಟೆಗಿಂತ ಹೆಚ್ಚು ಹಸಿದಿರಬಾರದು. ದಿನಕ್ಕೆ ಐದು ಸಲ ಸ್ವಲ್ಪ ಸ್ವಲ್ಪ ಕೊಡಿ, ಕೊನೆಯದು ರಾತ್ರಿ ಹನ್ನೊಂದಕ್ಕೆ. ತೂರಾಡುವುದು, ತೂಕಡಿಸುವುದು, ಒಸಡು ಬಿಳಿಚುವುದು, ಮೈ ತಣ್ಣಗಾಗುವುದು ರಕ್ತದ ಸಕ್ಕರೆ ಕುಸಿದ ಲಕ್ಷಣ. ಜೇನುತುಪ್ಪವನ್ನೋ ಗಟ್ಟಿಯಾಗಿ ಕಲಸಿದ ಗ್ಲೂಕೋಸನ್ನೋ ಬೆರಳಲ್ಲಿ ಅದ್ದಿ ಒಸಡಿಗೆ ಸವರಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹುಯ್ಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಬಟ್ಟೆಯಲ್ಲಿ ಬೆಚ್ಚಗೆ ಸುತ್ತಿ ಕೂಡಲೇ ಆಸ್ಪತ್ರೆಗೆ ಓಡಿ. ಬೆಂಗಳೂರಿನಲ್ಲಿ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಇದೆ. ಶಿವಮೊಗ್ಗ, ಹಾಸನ, ಬೀದರ್‌ಗಳಲ್ಲೂ ಸರ್ಕಾರಿ ಪಶುವೈದ್ಯಕೀಯ ಕಾಲೇಜುಗಳಿವೆ. ಹತ್ತಿರದ ಯಾವ ಆಸ್ಪತ್ರೆ ರಾತ್ರಿ ತೆರೆದಿರುತ್ತದೆ ಎಂದು ಮರಿ ತರುವ ಮೊದಲೇ ತಿಳಿದಿಟ್ಟುಕೊಳ್ಳಿ.

ಪಾರ್ವೊ ಸೋಂಕು ತಗುಲಿದ ಮೂರರಿಂದ ಏಳು ದಿನಕ್ಕೆ, ಕೆಲವೊಮ್ಮೆ ಎರಡು ವಾರಕ್ಕೆ ಕಾಣಿಸಿಕೊಳ್ಳುತ್ತದೆ. ಊಟ ಬಿಡುವುದು, ವಾಂತಿ, ಕೆಟ್ಟ ನಾತದ ರಕ್ತಭೇದಿ ಕಂಡರೆ ಗಂಟೆಗಳೂ ಲೆಕ್ಕಕ್ಕೆ ಬರುತ್ತವೆ. ಮನೆಗೆ ಬಂದ ಮೂರನೇ ದಿನ ಕಾಣಿಸಿಕೊಂಡರೆ ಸೋಂಕು ಬಹುಮಟ್ಟಿಗೆ ಬ್ರೀಡರ್ ಮನೆಯದ್ದೇ. ಅವರಿಗೆ ಆಗಲೇ ತಿಳಿಸಿ, ಉಳಿದ ಮರಿಗಳನ್ನಾದರೂ ಉಳಿಸಿಕೊಳ್ಳಬಹುದು. ಫೋನ್ ಎತ್ತುತ್ತಾರೆಯೇ, ಎತ್ತಿ ಏನೆನ್ನುತ್ತಾರೆ ಎಂಬುದರಲ್ಲಿ ಅವರ ಬಂಡವಾಳ ಗೊತ್ತಾಗುತ್ತದೆ.

ಮರಿಗೆ ಆರು ತಿಂಗಳಾದಾಗ ವೈದ್ಯರ ಹತ್ತಿರ ಮತ್ತೊಮ್ಮೆ ಮೇಲಿಂದ ಕೆಳಗೆ ನೋಡಿಸಿ: ಹಾಲುಹಲ್ಲು ಬೀಳದೆ ಹೊಸ ಕೋರೆಹಲ್ಲಿನ ಪಕ್ಕದಲ್ಲೇ ನಿಂತಿದೆಯೇ, ಬೀಜ ಇಳಿದಿವೆಯೇ, ಮಂಡಿಚಿಪ್ಪು ಹೇಗಿದೆ, ತೂಕ ಎಷ್ಟು. ಕಂಡದ್ದನ್ನು, ಒಳ್ಳೆಯದಿರಲಿ ಕೆಟ್ಟದ್ದಿರಲಿ, ಬ್ರೀಡರ್‌ಗೆ ಬರೆದು ಕಳಿಸಿ. ಒಳ್ಳೆಯ ಬ್ರೀಡರ್ ಅದನ್ನು ತಮ್ಮ ಪುಸ್ತಕದಲ್ಲಿ ಆ ತಾಯಿಯ ಹೆಸರಿನ ಪುಟಕ್ಕೆ ಸೇರಿಸುತ್ತಾರೆ. ಎರಡು ಮರಿಗಳಲ್ಲಿ ಮಂಡಿ ಜಾರಿದ ಸುದ್ದಿ ಬಂದರೆ ಆ ತಾಯಿಯನ್ನು ಮತ್ತೆ ಕ್ರಾಸ್ ಮಾಡಿಸದೆ, ಮರಿಯಾಗದಂತೆ ಆಪರೇಷನ್ ಮಾಡಿಸಿ ಮನೆಯಲ್ಲೇ ಇಟ್ಟುಕೊಳ್ಳುತ್ತಾರೆ.